ಮೂರು ದಿನದಿಂದ ಜ್ವರ: ಸಿನ್ಸ್ ಹಾಕಬೇಕೋ, ಫಾರ್ ಹಾಕಬೇಕೋ?

ಹೋದ ವಾರ ಅಕ್ಕನ ಮಗಳು ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಆಫೀಸಿಗೆ ರಜೆ ಕೇಳಿ ಮೇಲ್ ಹಾಕಬೇಕಿತ್ತು. ಬರೆದದ್ದು ಒಂದೇ ಸಾಲು: 'ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್.' ಆ ಸಾಲಿನ ಕೆಳಗೆ ಮೊಬೈಲ್ ಗೆರೆ ಎಳೆದು ತೋರಿಸುತ್ತಿತ್ತು.

"ಮಾಮಾ, ಇದ್ರಾಗ ತಪ್ಪೇನೈತಿ? ಮೂರು ದಿನದಿಂದ ಜ್ವರ ಐತಿ, ಅದನ್ನ ಬರದೀನಿ."

ಅವಳು ಕೇಳಿದ್ದು ಸರಿಯಾಗಿಯೇ ಇದೆ. ಕನ್ನಡದಲ್ಲಿ ಯೋಚಿಸಿದರೆ ಆ ಸಾಲಿನಲ್ಲಿ ಒಂದು ಎಳ್ಳಷ್ಟೂ ತಪ್ಪಿಲ್ಲ. ವಿಜಯಪುರದಲ್ಲಿ ಸಂಜೆ ಹೊತ್ತು ನಾಲ್ಕಾರು ಹುಡುಗರಿಗೆ ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಲ್ಲಿಯೂ ಇದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಬುದ್ಧಿ ಕಡಿಮೆ ಅಂತ ಬರೋದಲ್ಲ ಇದು. ಕನ್ನಡ ಒಂದು ಕಡೆ ಒಂದೇ ಪ್ರತ್ಯಯದಲ್ಲಿ ಮುಗಿಸುವ ಕೆಲಸಕ್ಕೆ ಇಂಗ್ಲಿಷ್ ಎರಡು ಬೇರೆ ಬೇರೆ ಶಬ್ದ ಇಟ್ಟುಕೊಂಡಿದೆ, ಅಷ್ಟೇ. ಆ ಗುಟ್ಟು ಯಾರೂ ಹೇಳಿಕೊಡುವುದಿಲ್ಲ. 'ಸಿನ್ಸ್ ತ್ರೀ ಡೇಸ್ ತಪ್ಪು, ಫಾರ್ ತ್ರೀ ಡೇಸ್ ಸರಿ' ಅಂತ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದು ಮರೆತೇ ಹೋಗುತ್ತದೆ.

ನಾವು 'ಸೋಮವಾರದಿಂದ ಜ್ವರ' ಅನ್ನುತ್ತೇವೆ. 'ಮೂರು ದಿನದಿಂದ ಜ್ವರ' ಅಂತಲೂ ಅನ್ನುತ್ತೇವೆ. ಎರಡಕ್ಕೂ 'ಇಂದ'ವೇ. ಆದರೆ ಸೋಮವಾರ ಬೇರೆ, ಮೂರು ದಿನ ಬೇರೆ ಅಲ್ವಾ?

ಅಂಗಳದಲ್ಲಿ ಅಕ್ಕ ಬೆಳಿಗ್ಗೆ ಹಾಕಿದ ರಂಗೋಲಿ ಇನ್ನೂ ಹಾಗೇ ಇತ್ತು. ಅದನ್ನೇ ತೋರಿಸಿದೆ. ಚುಕ್ಕಿ ಅಂದರೆ ಒಂದೇ ಜಾಗ, ಅದಕ್ಕೆ ಉದ್ದ ಇಲ್ಲ. ಗೆರೆಗೆ ಉದ್ದ ಇದೆ, ಅದನ್ನು ಅಳೆಯಬಹುದು. ಸೋಮವಾರ, ಹತ್ತು ಗಂಟೆ, 2014, ಹೋದ ದೀಪಾವಳಿ, ಅಕ್ಕನ ಮದುವೆ, ಇವೆಲ್ಲ ಚುಕ್ಕಿ. ಮೂರು ದಿನ, ಎರಡು ತಾಸು, ಐದು ವರ್ಷ, ಬಹಳ ಹೊತ್ತು, ಇವೆಲ್ಲ ಗೆರೆ. ಚುಕ್ಕಿ ಆದರೆ 'ಸಿನ್ಸ್', ಗೆರೆ ಆದರೆ 'ಫಾರ್'. 'ಸಿನ್ಸ್ ಮಂಡೇ', 'ಫಾರ್ ತ್ರೀ ಡೇಸ್'.

ಅವಳು ಸ್ವಲ್ಪ ಹೊತ್ತು ರಂಗೋಲಿ ನೋಡಿ, "ಹಂಗಾರ ಯಾವುದು ಚುಕ್ಕಿ, ಯಾವುದು ಗೆರಿ ಅಂತ ಅವಸರದಾಗ ಹೆಂಗ ಗೊತ್ತಾಗಬೇಕು?" ಅಂದಳು.

ಇದಕ್ಕೆ ಉತ್ತರ ನಮ್ಮ ಭಾಷೆಯಲ್ಲೇ ಇದೆ, ಮತ್ತು ನನಗೆ ಈ ಇಡೀ ವಿಷಯದಲ್ಲಿ ಬಹಳ ಖುಷಿ ಕೊಡುವುದು ಇದೇ. ಸುಮ್ನೆ ಒಂದು ಪ್ರಶ್ನೆ ಕೇಳಿಕೊಳ್ಳಿ. 'ಯಾವಾಗಿನಿಂದ?' ಅನ್ನುವ ಪ್ರಶ್ನೆಗೆ ಉತ್ತರವಾಗಿ ಬಂದರೆ ಅದು ಚುಕ್ಕಿ. 'ಎಷ್ಟು ದಿನದಿಂದ, ಎಷ್ಟು ಹೊತ್ತಿನಿಂದ?' ಅನ್ನುವುದಕ್ಕೆ ಉತ್ತರವಾದರೆ ಗೆರೆ. ಯಾವಾಗ ಅಂದರೆ ಸಿನ್ಸ್, ಎಷ್ಟು ಅಂದರೆ ಫಾರ್. 'ಹೋದ ವಾರದಿಂದ' ಅನ್ನುವುದು ಯಾವಾಗಿನಿಂದ ಅನ್ನುವ ಪ್ರಶ್ನೆಗೆ ಉತ್ತರ, ಹಾಗಾಗಿ 'ಸಿನ್ಸ್ ಲಾಸ್ಟ್ ವೀಕ್'. 'ಒಂದು ವಾರದಿಂದ' ಅನ್ನುವುದು ಎಷ್ಟು ದಿನದಿಂದ ಅನ್ನುವುದಕ್ಕೆ ಉತ್ತರ, ಹಾಗಾಗಿ 'ಫಾರ್ ಎ ವೀಕ್'. ಎರಡರಲ್ಲೂ ವಾರ ಇದೆ, ಆದರೂ ಪ್ರಶ್ನೆ ಬೇರೆ. ಚಿಕ್ಕಂದಿನಿಂದ ಅಂದರೆ 'ಸಿನ್ಸ್ ಚೈಲ್ಡ್‌ಹುಡ್'. ಬಹಳ ದಿನದಿಂದ ಅಂದರೆ 'ಫಾರ್ ಎ ಲಾಂಗ್ ಟೈಮ್'. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ 'ಸಿನ್ಸ್ ಲಾಂಗ್' ಹುಟ್ಟಿದ್ದು ಈ 'ಬಹಳ ದಿನದಿಂದ'ದ ಇಂದ ಪ್ರತ್ಯಯದಿಂದಲೇ ಇರಬೇಕು.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಬಿಜಾಪುರ ಅಧಿಕೃತವಾಗಿ ವಿಜಯಪುರ ಆದದ್ದು 2014ರ ನವೆಂಬರ್ 1ರಂದು, ಅದೇ ದಿನ ಬೆಳಗಾಂ ಬೆಳಗಾವಿ ಆಯಿತು. 'ಇಟ್ ಹ್ಯಾಸ್ ಬೀನ್ ಕಾಲ್ಡ್ ವಿಜಯಪುರ ಸಿನ್ಸ್ 2014' ಅಂದರೆ ಸರಿ. ಅದನ್ನೇ ಗೆರೆಯಾಗಿ ಹೇಳಿದರೆ 'ಫಾರ್ ಮೋರ್ ದ್ಯಾನ್ ಟೆನ್ ಇಯರ್ಸ್'. ವಿಷಯ ಒಂದೇ, ಒಂದರಲ್ಲಿ ಶುರುವಾದ ಚುಕ್ಕಿ ತೋರಿಸಿದ್ದೇವೆ, ಇನ್ನೊಂದರಲ್ಲಿ ಅಲ್ಲಿಂದ ಇಲ್ಲಿಯವರೆಗಿನ ಉದ್ದ.

ಈ ವಾಕ್ಯದಲ್ಲಿ 'ಹ್ಯಾಸ್ ಬೀನ್' ಬಂತಲ್ಲ, ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಅಕ್ಕನ ಮಗಳ ಸಾಲಿನಲ್ಲಿ ಎರಡನೇ ತಪ್ಪು ಇದ್ದದ್ದು ಅಲ್ಲೇ. ಕನ್ನಡದಲ್ಲಿ 'ಮೂರು ದಿನದಿಂದ ಜ್ವರ ಇದೆ' ಅಂತೀವಿ. ಜ್ವರ ಈಗ ಇದೆ, ಹಾಗಾಗಿ ವರ್ತಮಾನ ಸಾಕು. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಹಿಂದೆ ಶುರುವಾಗಿ ಈಗಲೂ ನಡೆದಿರುವುದನ್ನು ಯಾವಾಗಿನಿಂದ, ಎಷ್ಟು ದಿನದಿಂದ ಅಂತ ಹೇಳುವಾಗ 'ಹ್ಯಾವ್' ಬೇಕು. 'ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್.' ಹ್ಯಾವ್ ಪಕ್ಕ ಹ್ಯಾಡ್ ನೋಡಿ ಹುಡುಗರು ಗಾಬರಿಯಾಗುತ್ತಾರೆ. ಮೊದಲನೆಯದು ಕಾಲ ಹೇಳಲಿಕ್ಕೆ, ಎರಡನೆಯದು ಜ್ವರ ಇದೆ ಅಂತ ಹೇಳಲಿಕ್ಕೆ, ಅಷ್ಟೇ.

ಇಲ್ಲಿ ಎಚ್ಚರ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ಸಂದರ್ಶನದಲ್ಲಿ 'ಐ ವರ್ಕ್ಡ್ ಹಿಯರ್ ಫಾರ್ ಟೂ ಇಯರ್ಸ್' ಅಂದರೆ, ಎರಡು ವರ್ಷ ಇದ್ದೆ, ಈಗ ಬಿಟ್ಟಿದ್ದೇನೆ ಅಂತ ಎದುರಿನವರು ತಿಳಿಯುತ್ತಾರೆ. 'ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಟೂ ಇಯರ್ಸ್' ಅಂದರೆ ಈಗಲೂ ಇದ್ದೇನೆ ಅಂತ. ಮುಗಿದು ಹೋದ ಕಥೆಗೆ ಹ್ಯಾವ್ ಬೇಡವೇ ಬೇಡ. ಗೋಳಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಷಾ 1627ರಿಂದ 1656ರವರೆಗೆ ಆಳಿದ. ಅದಕ್ಕೆ 'ಹಿ ರೂಲ್ಡ್ ಫಾರ್ 29 ಇಯರ್ಸ್' ಸಾಕು. ಗುಮ್ಮಟ ಮಾತ್ರ ಇನ್ನೂ ನಿಂತಿದೆ. ಅದಕ್ಕೆ 'ಇಟ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಸೆಂಚುರೀಸ್' ಅನ್ನಬೇಕು. ರಾಜನಿಗೆ ಹ್ಯಾಸ್ ಇಲ್ಲ, ಗುಮ್ಮಟಕ್ಕೆ ಇದೆ.

ಈಗ ಇನ್ನೊಂದು ಪ್ರತ್ಯಯಕ್ಕೆ ಬರೋಣ, 'ಒಳಗೆ'. ಇದೂ 'ಇಂದ'ದ ಹಾಗೆಯೇ. 'ಶುಕ್ರವಾರದೊಳಗೆ ಕೊಡ್ತೀನಿ', 'ಮೂರು ದಿನದೊಳಗೆ ಕೊಡ್ತೀನಿ', ಎರಡಕ್ಕೂ ಒಳಗೆ. ಇಂಗ್ಲಿಷಿನಲ್ಲಿ ಮತ್ತೆ ಅದೇ ಚುಕ್ಕಿ, ಅದೇ ಗೆರೆ. ಶುಕ್ರವಾರ ಚುಕ್ಕಿ, ಹಾಗಾಗಿ 'ಬೈ ಫ್ರೈಡೇ'. ಮೂರು ದಿನ ಗೆರೆ, ಹಾಗಾಗಿ 'ವಿದಿನ್ ತ್ರೀ ಡೇಸ್'. ಒಂದು ಸಲ ಇದು ತಲೆಗೆ ಹತ್ತಿದರೆ ಮತ್ತೆ ಬಾಯಿಪಾಠ ಬೇಕಿಲ್ಲ.

ಆದರೆ 'ಬೈ' ಜೊತೆಗೆ ಇನ್ನೊಂದು ಶಬ್ದ ಬಂದು ಗೊಂದಲ ಮಾಡುತ್ತದೆ, 'ಅನ್‌ಟಿಲ್'. ಇಳಕಲ್ ಕಡೆಯ ಪರಿಚಯದವರೊಬ್ಬರು ಸೀರೆ ವ್ಯಾಪಾರ ಮಾಡುತ್ತಾರೆ. ಈಗ ವಾಟ್ಸಾಪಿನಲ್ಲೇ ಆರ್ಡರ್ ಬರುತ್ತದೆ, ಪುಣೆ, ಹೈದರಾಬಾದ್, ಎಲ್ಲೆಲ್ಲಿಂದಲೋ. ಟೋಪಿ ತೆನಿ ಸೆರಗಿನ ಸೀರೆ ಬೇಕು ಅಂತ ಒಬ್ಬರು ಹೆಣ್ಣುಮಗಳು ಕೇಳಿದ್ದರು. ಇವರು ಬರೆದರು: 'ಐ ವಿಲ್ ಸೆಂಡ್ ಸ್ಯಾರಿ ಅನ್‌ಟಿಲ್ ಫ್ರೈಡೇ.' ಆ ಕಡೆಯಿಂದ ಬಂದ ಉತ್ತರ, ಶುಕ್ರವಾರ ಆದಮೇಲೆ ಕಳಿಸುವುದಿಲ್ಲವೇ, ಹಾಗಾದರೆ ಇವತ್ತೇ ದುಡ್ಡು ಹಾಕಬೇಕಾ ಅಂತ. ಇವರಿಗೆ ಒಂದೂ ತಿಳಿಯಲಿಲ್ಲ, ನನಗೆ ಫೋನ್ ಮಾಡಿದರು.

ಆಗಿದ್ದು ಇಷ್ಟು. 'ಅನ್‌ಟಿಲ್' ಅಂದರೆ ನಮ್ಮ 'ತನಕ', ನಮ್ಮ ಕಡೆಯ 'ಮಟ'. ಅಲ್ಲಿಯ ತನಕ ಕೆಲಸ ಒಂದೇ ಸಮನೆ ನಡೆದಿರುತ್ತದೆ, ಆ ಚುಕ್ಕಿಗೆ ನಿಲ್ಲುತ್ತದೆ. 'ಬೈ' ಅಂದರೆ ಆ ಚುಕ್ಕಿ ಬರುವುದರೊಳಗೆ ಯಾವಾಗಲೋ ಒಂದು ಸಲ ಆಗಿ ಮುಗಿಯುತ್ತದೆ. ಅಂಗಡಿ ತೆರೆದಿರುವುದು 'ಅನ್‌ಟಿಲ್ ನೈನ್', ಒಂಬತ್ತರ ತನಕ. ಸೀರೆ ಮುಟ್ಟುವುದು 'ಬೈ ಫ್ರೈಡೇ', ಶುಕ್ರವಾರದೊಳಗೆ. ಕಳಿಸುವುದು ಒಂದು ಸಲದ ಕೆಲಸ, ಅದನ್ನು ಶುಕ್ರವಾರದ ತನಕ ಮಾಡುತ್ತಾ ಕೂರಲು ಆಗುವುದಿಲ್ಲ. ಕನ್ನಡದಲ್ಲಿ 'ಶುಕ್ರವಾರದ ತನಕ ಕಳಿಸ್ತೀನಿ' ಅಂತ ಹೇಳಿ ನೋಡಿ, ಅದೂ ಹೀಗೇ ವಿಚಿತ್ರವಾಗಿ ಕೇಳಿಸುತ್ತದೆ. ಹಾಗಾಗಿ ಇಲ್ಲಿ ಕನ್ನಡವನ್ನೇ ನಂಬಬಹುದು. ಚುಕ್ಕಿಯ ಜೊತೆ ಒಳಗೆ ಅಂತ ಬಂದರೆ ಬೈ, ತನಕ ಅಂತ ಬಂದರೆ ಅನ್‌ಟಿಲ್.

ಬಾಗಲಕೋಟೆಯವರಿಗೆ ಒಂದು ಉದಾಹರಣೆ: 'ಬಾಗಲಕೋಟೆ ವಾಸ್ ಪಾರ್ಟ್ ಆಫ್ ಬಿಜಾಪುರ ಡಿಸ್ಟ್ರಿಕ್ಟ್ ಅನ್‌ಟಿಲ್ 1997.' ಆ ವರ್ಷದ ತನಕ ಒಂದೇ ಜಿಲ್ಲೆ, ಆಮೇಲೆ ಬೇರೆ. ನಮ್ಮ ವಿಜಯಪುರದ ಬಾರಾಕಮಾನಿನ ಮುಂದೆ ನಿಂತರೆ 'ಬೈ' ಅರ್ಥವಾಗುತ್ತದೆ. ಅರ್ಧಕ್ಕೆ ನಿಂತ ಆ ಕಮಾನುಗಳು ಎರಡನೇ ಅಲಿ ಆದಿಲ್ ಷಾನ ಸಮಾಧಿ. ಅವನು ತೀರಿಕೊಂಡದ್ದು 1672ರಲ್ಲಿ. 'ಬೈ ದ ಟೈಮ್ ಹಿ ಡೈಡ್, ಇಟ್ ವಾಸ್ ಸ್ಟಿಲ್ ಅನ್‌ಫಿನಿಶ್ಡ್.' ಅವನು ಸಾಯುವ ಹೊತ್ತಿಗೆ ಇನ್ನೂ ಮುಗಿದಿರಲಿಲ್ಲ. ಹೀಗೆ ಒಂದು ಕೆಲಸ ಆಗುವ 'ಹೊತ್ತಿಗೆ' ಅಂತ ನಾವು ಹೇಳುವ ಕಡೆ 'ಬೈ ದ ಟೈಮ್' ಕೂರುತ್ತದೆ.

'ಇನ್' ಅನ್ನುವ ಚಿಕ್ಕ ಶಬ್ದದ್ದು ಬೇರೆಯೇ ಕಥೆ. ಬೆಂಗಳೂರಿನ ಕಂಪನಿಯವರು 'ವಿ ವಿಲ್ ಕಾಲ್ ಯು ಇನ್ ಟೂ ಡೇಸ್' ಅಂದರು ಅಂದುಕೊಳ್ಳಿ. ನಾವು 'ಎರಡು ದಿನದಲ್ಲಿ' ಅಂತ ತಿಳಿದು ಅವತ್ತು ಸಂಜೆಯಿಂದಲೇ ಮೊಬೈಲ್ ನೋಡುತ್ತಾ ಕೂರುತ್ತೇವೆ. ಅವರು ಹೇಳಿದ್ದು 'ಎರಡು ದಿನ ಬಿಟ್ಟು' ಅಂತ. ಎರಡು ದಿನ ಕಳೆಯಬೇಕು, ಆಮೇಲೆ ಫೋನ್. ಹೋಗು, ಬಾ, ಫೋನ್ ಮಾಡು, ಹೊರಡು, ಇಂಥ ಮಾತುಗಳ ಜೊತೆ ಮುಂದಿನ ಸಂಗತಿಗೆ 'ಇನ್' ಬಂದರೆ 'ಬಿಟ್ಟು' ಅಂತಲೇ ಓದಿಕೊಳ್ಳಿ. 'ದ ಬಸ್ ಲೀವ್ಸ್ ಇನ್ ಟೆನ್ ಮಿನಿಟ್ಸ್' ಅಂದರೆ ಇನ್ನು ಹತ್ತು ನಿಮಿಷಕ್ಕೆ ಬಿಡುತ್ತದೆ. ಆದರೆ ಓದಿ ಮುಗಿಸು, ಕಟ್ಟಿ ಮುಗಿಸು, ನೇಯ್ದು ಮುಗಿಸು ಅನ್ನುವ ಕೆಲಸಗಳ ಜೊತೆ ಬಂದರೆ ಅಷ್ಟು ಹೊತ್ತು ಹಿಡಿಯಿತು ಅಂತ ಅರ್ಥ. 'ಶಿ ಫಿನಿಶ್ಡ್ ದ ಬುಕ್ ಇನ್ ಟೂ ಡೇಸ್', ಎರಡು ದಿನದಲ್ಲಿ ಓದಿ ಮುಗಿಸಿದಳು.

ಹಿಂದಿನದಕ್ಕೆ ಬಂದರೆ 'ಬಿಫೋರ್ ಟೂ ಡೇಸ್' ನಮ್ಮಲ್ಲಿ ಜಾಸ್ತಿ. ಎರಡು ದಿನದ ಹಿಂದೆ ಅನ್ನುವುದನ್ನು ಹಾಗೇ ಎತ್ತಿ ಇಡುತ್ತೇವೆ. ಈಗಿನಿಂದ ಹಿಂದಕ್ಕೆ ಎಣಿಸಿದರೆ 'ಟೂ ಡೇಸ್ ಅಗೋ'. ಬೇರೆ ಯಾವುದೋ ಘಟನೆಯಿಂದ ಹಿಂದಕ್ಕೆ ಎಣಿಸಿದರೆ ಮಾತ್ರ 'ಬಿಫೋರ್', ಅದೂ ಆ ಘಟನೆಯ ಹೆಸರಿಗಿಂತ ಮೊದಲು. ಗಾಂಧೀಜಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದದ್ದು 1924ರ ಡಿಸೆಂಬರಿನಲ್ಲಿ. ನಮ್ಮಿಂದ ಎಣಿಸಿದರೆ 'ಎ ಹಂಡ್ರೆಡ್ ಇಯರ್ಸ್ ಅಗೋ' ಅನ್ನಬಹುದು. ಸ್ವಾತಂತ್ರ್ಯದಿಂದ ಎಣಿಸಿದರೆ 'ನಿಯರ್ಲಿ ಟ್ವೆಂಟಿ ತ್ರೀ ಇಯರ್ಸ್ ಬಿಫೋರ್ ಇಂಡಿಪೆಂಡೆನ್ಸ್'. ಎಲ್ಲಿ ನಿಂತು ಎಣಿಸುತ್ತಿದ್ದೇವೆ ಅನ್ನುವುದೇ ಮುಖ್ಯ.

ಈವರೆಗಿನ ತಪ್ಪುಗಳಲ್ಲಿ ಕೇಳಿದವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಮುಂದಿನದರಲ್ಲಿ ಹಾಗಲ್ಲ, ನಿಜವಾಗಿಯೂ ನಷ್ಟ ಆಗುತ್ತದೆ. ನಮ್ಮ ಓಣಿಯ ಒಬ್ಬ ಹುಡುಗನಿಗೆ ಬೆಳಗಾವಿಯಲ್ಲಿ ಸಂದರ್ಶನ ಇತ್ತು, ಗುರುವಾರಕ್ಕೆ. ಎರಡು ವಾರ ರಾತ್ರಿ ಕೂತು ತಯಾರಿ ಮಾಡಿದ್ದ. ಭಾನುವಾರ ಮೇಲ್ ಬಂತು, ಸಂದರ್ಶನ 'ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್' ಅಂತ. ಫಾರ್ವರ್ಡ್ ಅಂದರೆ ಮುಂದೆ. ಮುಂದೆ ಹಾಕಿದ್ದಾರೆ, ಎರಡು ದಿನ ಮುಂದೂಡಿದ್ದಾರೆ, ಶನಿವಾರ ಅಂದುಕೊಂಡ. ಶುಕ್ರವಾರ ರಾತ್ರಿ ಬಸ್ ಹತ್ತಿ ಹೋದ. ಸಂದರ್ಶನ ಮಂಗಳವಾರವೇ ಮುಗಿದಿತ್ತು. ವಾಪಸ್ ಬಂದು ನನ್ನ ಮುಂದೆ ಆ ಮೇಲ್ ತೆರೆದು ಇಟ್ಟಾಗ ಅವನ ಮುಖ ನೋಡಲು ಆಗಲಿಲ್ಲ. ಈ ಲೇಖನ ಬರೆಯಬೇಕು ಅಂತ ಮೊದಲ ಸಲ ಅನ್ನಿಸಿದ್ದು ಅವತ್ತೇ.

ಅವನ ತಪ್ಪೇನೂ ಇರಲಿಲ್ಲ. ಕನ್ನಡದಲ್ಲಿ ದಿನವನ್ನು ಮುಂದೆ ಹಾಕಿದರೆ ಅದು ತಡವಾಗುತ್ತದೆ. ಮುಂದೂಡು ಅಂದರೆ ಪೋಸ್ಟ್‌ಪೋನ್. ಇಂಗ್ಲಿಷಿನ 'ಬ್ರಿಂಗ್ ಫಾರ್ವರ್ಡ್' ಸರಿಯಾಗಿ ಇದಕ್ಕೆ ಉಲ್ಟಾ. ದಿನವನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡ ಹಾಗೆ, ಅಂದರೆ ಬೇಗ ಆಗುತ್ತದೆ. 'ಪುಶ್ ಬ್ಯಾಕ್' ಅಂದರೆ ನಮ್ಮಿಂದ ಆಚೆ ತಳ್ಳಿದ ಹಾಗೆ, ತಡವಾಗುತ್ತದೆ. ನಾವು ಕಾಲದ ಜೊತೆ ಮುಂದೆ ನಡೆಯುವವರ ಹಾಗೆ ಲೆಕ್ಕ ಹಾಕುತ್ತೇವೆ, 'ಬ್ರಿಂಗ್ ಫಾರ್ವರ್ಡ್' ಅನ್ನುವ ಮಾತು ದಿನ ನಮ್ಮ ಕಡೆಗೆ ನಡೆದು ಬರುತ್ತಿದೆ ಅನ್ನುವ ಹಾಗೆ ಲೆಕ್ಕ ಹಾಕುತ್ತದೆ. 'ಮೂವ್ ಫಾರ್ವರ್ಡ್' ಅಂದಾಗ ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಎರಡು ಗುಂಪಾಗುತ್ತಾರೆ. ಬುಧವಾರದ ಮೀಟಿಂಗ್ ಎರಡು ದಿನ ಫಾರ್ವರ್ಡ್ ಆದರೆ ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ ಅನ್ನುತ್ತಾರೆ.

ನಮ್ಮ ದೇಶದಲ್ಲಿ ಹೀಗೆ ದಿನವನ್ನು ಬೇಗ ಮಾಡುವುದಕ್ಕೆ 'ಪ್ರಿಪೋನ್' ಅನ್ನುವ ಶಬ್ದ ಇದೆ. ನನ್ನ ಮಟ್ಟಿಗೆ ಬಹಳ ಒಳ್ಳೆಯ ಶಬ್ದ, ಪೋಸ್ಟ್‌ಪೋನಿಗೆ ಸರಿಜೋಡಿ. ನಮ್ಮವರಿಗೆ ಬರೆಯುವಾಗ ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಅದು ಗೊತ್ತಿಲ್ಲದೇ ಇರಬಹುದು. ಯಾರಿಗೇ ಬರೆದರೂ ದಿನದ ಹೆಸರು ಹಾಕಿಬಿಡಿ: 'ದ ಇಂಟರ್‌ವ್ಯೂ ಈಸ್ ನೌ ಆನ್ ಟ್ಯೂಸ್‌ಡೇ.' ನಿಮಗೆ ಅಂಥ ಮೇಲ್ ಬಂದರೆ, ಯಾವ ತಾರೀಖು ಅಂತ ಒಂದು ಸಾಲು ಬರೆದು ಕೇಳಿ. ಕೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ.

ಗಡಿಯಾರದ ವಿಷಯದಲ್ಲಿ ಮಾತ್ರ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. 'ಕ್ವಾರ್ಟರ್ ಟು ಸಿಕ್ಸ್' ಅಂದರೆ 5:45. ಐದೂಮುಕ್ಕಾಲು ಅಂತ ಹೇಳಿ ರೂಢಿ ಇದ್ದವರಿಗೆ ಇದು ಕಷ್ಟ, ಅವರು ಐದರಿಂದ ಎಣಿಸುತ್ತಾರೆ, ಇಂಗ್ಲಿಷ್ ಆರರಿಂದ ಹಿಂದಕ್ಕೆ ಎಣಿಸುತ್ತದೆ. ಆದರೆ ಮರಾಠಿಯ ನೆರಳಿನಲ್ಲಿ ಬೆಳೆದ ನಮ್ಮ ಹಿರಿಯರು 'ಪಾವಣೆ ಆರು' ಅಂತಾರಲ್ಲ, ಅದು ಇದೇ. ಆರಕ್ಕೆ ಕಾಲು ಕಡಿಮೆ. 'ಸವ್ವಾ ಆರು' ಅಂದರೆ 'ಕ್ವಾರ್ಟರ್ ಪಾಸ್ಟ್ ಸಿಕ್ಸ್', ಆರು ದಾಟಿ ಕಾಲು. ಮನೆಯಲ್ಲಿ ಅಜ್ಜ ಇದ್ದರೆ ಹುಡುಗರಿಗೆ ಈ ಪಾಠ ಆಗಲೇ ಆಗಿಬಿಟ್ಟಿರುತ್ತದೆ. 'ಹಾಫ್ ಪಾಸ್ಟ್ ಫೈವ್' ಐದೂವರೆ. ಬ್ರಿಟನ್ನಿನವರು ಬರೀ 'ಹಾಫ್ ಫೈವ್' ಅಂದರೂ ಐದೂವರೆಯೇ, ನಾಲ್ಕೂವರೆ ಅಲ್ಲ.

12ರ ಹತ್ತಿರ ಹುಷಾರು. '12 ಎ.ಎಂ.' ಅಂದರೆ ಮಧ್ಯರಾತ್ರಿ, '12 ಪಿ.ಎಂ.' ಅಂದರೆ ಮಧ್ಯಾಹ್ನ. ರೈಲ್ವೆಯವರು 24 ತಾಸಿನ ಲೆಕ್ಕ ಇಟ್ಟಿರುವುದು ಇದೇ ಗೊಂದಲ ಬೇಡ ಅಂತ ಅನ್ನಿಸುತ್ತದೆ. ಆದರೆ ಅಲ್ಲಿಯೂ ಒಂದು ಗುಂಡಿ ಇದೆ. ಟಿಕೆಟ್ಟಿನ ಮೇಲೆ 15ನೇ ತಾರೀಖು, 00:10 ಅಂತ ಇದ್ದರೆ ನೀವು ಸ್ಟೇಷನ್ನಿನಲ್ಲಿ ಇರಬೇಕಾದದ್ದು 14ರ ರಾತ್ರಿ ಊಟ ಆದಮೇಲೆ. ನಮ್ಮ ಲೆಕ್ಕದಲ್ಲಿ ಸೂರ್ಯ ಹುಟ್ಟಿದರೆ ಹೊಸ ದಿನ, ಆ ಲೆಕ್ಕದಲ್ಲಿ ಮಧ್ಯರಾತ್ರಿಗೇ ತಾರೀಖು ಬದಲು. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರುತ್ತದೆ. ಹಾಗೆಯೇ 03/04 ಅಂತ ಬರೆದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುವುದು ಒಳ್ಳೆಯದು.

ಬೇಗ ಹೇಳಿ ಮುಗಿಸಬಹುದಾದವು ಕೆಲವು ಇವೆ. ಇವತ್ತು ಮುಂಜಾನೆ ಅಂದರೆ 'ದಿಸ್ ಮಾರ್ನಿಂಗ್', 'ಟುಡೇ ಮಾರ್ನಿಂಗ್' ಬೇಡ. ನಿನ್ನೆ ರಾತ್ರಿ 'ಲಾಸ್ಟ್ ನೈಟ್'. ಗಂಟೆಗೆ 'ಆ್ಯಟ್', ದಿನಕ್ಕೆ 'ಆನ್', ತಿಂಗಳು ವರ್ಷಕ್ಕೆ 'ಇನ್'. ಕಿತ್ತೂರು ಉತ್ಸವ ನಡೆಯುವುದು 'ಇನ್ ಅಕ್ಟೋಬರ್', ಶುರುವಾಗುವುದು 'ಆನ್ ದ ಟ್ವೆಂಟಿ ಥರ್ಡ್'. ಬೆಳಿಗ್ಗೆಗೆ 'ಇನ್ ದ ಮಾರ್ನಿಂಗ್', ರಾತ್ರಿಗೆ ಮಾತ್ರ 'ಆ್ಯಟ್ ನೈಟ್', ಇದಕ್ಕೆ ಕಾರಣ ಕೇಳಬೇಡಿ, ರೂಢಿ ಅಷ್ಟೇ.

'ಆನ್ ಟೈಮ್', 'ಇನ್ ಟೈಮ್' ಎರಡಕ್ಕೂ ನಾವು 'ಟೈಮಿಗೆ ಸರಿಯಾಗಿ' ಅನ್ನುತ್ತೇವೆ. ಮದುವೆ ಮನೆ ನೆನಪಿಸಿಕೊಳ್ಳಿ. ಪತ್ರಿಕೆಯಲ್ಲಿ 12:35 ಅಂತ ಇತ್ತು, 12:35ಕ್ಕೇ ಅಕ್ಕಿಕಾಳು ಬಿದ್ದವು. ಅದು 'ಆನ್ ಟೈಮ್'. ನಿಮ್ಮ ಬಸ್ ತಡವಾಗಿ, ಚಪ್ಪಲಿ ಎಲ್ಲಿ ಬಿಟ್ಟಿರಿ ಅಂತಲೂ ನೋಡದೆ ಓಡಿ, ಅಕ್ಕಿಕಾಳು ಬೀಳುವುದರೊಳಗೆ ಮುಟ್ಟಿದಿರಿ. ಅದು 'ಇನ್ ಟೈಮ್'. ಮೊದಲನೆಯದು ಗೊತ್ತು ಮಾಡಿದ ಹೊತ್ತಿಗೆ ಸರಿಯಾಗಿ. ಎರಡನೆಯದು ತಪ್ಪಿ ಹೋಗುವುದರೊಳಗೆ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಆನ್ ಟೈಮ್ ಬರಬೇಕು, ನಾವು ಅದನ್ನು ಹತ್ತಲು ಇನ್ ಟೈಮ್ ಮುಟ್ಟಬೇಕು.

ಕೊನೆಗೆ ನನಗೆ ಬಹಳ ಇಷ್ಟವಾದ ಒಂದು ಮಾತು. ಯಾರಾದರೂ ಕೂಗಿದರೆ ನಾವು 'ಬಂದೆ, ಬಂದೆ' ಅಂತೀವಿ. ಇನ್ನೂ ಎದ್ದೇ ಇರುವುದಿಲ್ಲ. ಆಗಲಿರುವ ಕೆಲಸವನ್ನು ಆಗಿಹೋದ ಹಾಗೆ ಹೇಳಿ ಭರವಸೆ ಕೊಡುತ್ತೇವೆ. ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ಅಕ್ಕರೆ ಇಂಗ್ಲಿಷಿಗೆ ತರಲು ನನಗೆ ಇನ್ನೂ ಆಗಿಲ್ಲ. 'ಐ ಕೇಮ್' ಅಂದರೆ ಕೆಟ್ಟಿತು, ಬಂದು ಮುಗಿದ ಅರ್ಥ. ಮನೆಯೊಳಗೆ ಇದ್ದರೆ 'ಕಮಿಂಗ್' ಅನ್ನಿ. ದಾರಿಯಲ್ಲಿದ್ದರೆ 'ಐ ಆ್ಯಮ್ ಆನ್ ಮೈ ವೇ'. ಇನ್ನೂ ಮನೆ ಬಿಟ್ಟಿಲ್ಲ ಅಂದರೆ 'ಐ ಆ್ಯಮ್ ಅಬೌಟ್ ಟು ಲೀವ್'.

ಅಕ್ಕನ ಮಗಳು ಸಾಲು ತಿದ್ದಿ ಮೇಲ್ ಕಳಿಸಿದಳು: 'ಐ ಹ್ಯಾವ್ ಹ್ಯಾಡ್ ಎ ಫೀವರ್ ಸಿನ್ಸ್ ಮಂಡೇ.' ಮೂರು ದಿನ ತೆಗೆದು ಸೋಮವಾರ ಹಾಕಿದ್ದು ಯಾಕೆ ಅಂತ ಕೇಳಿದೆ. "ಸಾಹೇಬರು ಈ ಮೇಲ್ ನಾಳೆ ಓದಿದ್ರ ಮೂರು ದಿನ ನಾಕಾಗತೈತಿ ಮಾಮಾ, ಸೋಮವಾರ ಸೋಮವಾರನ ಇರತೈತಿ" ಅಂದಳು.